ಬಾಡಿಗೆ ಕಟ್ಟಿದವನ ಬೀಗದ ಕೈ

“ಊಟ, ಹಾಸಿಗೆ, ದೀಪ ಎಲ್ಲಾ ಪುಕ್ಕಟೆ ಸಿಕ್ತಲ್ಲಪ್ಪ ನಿಮಗೆ? ಹೊರಗಿದ್ದಿದ್ರೆ ಬಾಡಿಗೆ ಕಟ್ತಿರ್ಲಿಲ್ವಾ?” ಟೈ ಸರಿಮಾಡಿಕೊಳ್ಳುತ್ತ ಪರಿಹಾರ ಕಚೇರಿಯ ಅಧಿಕಾರಿ ಪೆಲಮ್ ಕೇಳಿದ.

ಡರ್ಮಟ್ ಹ್ಯಾಗರ್ಟಿಗೆ ನಗು ಬಂತು. ಮಾಡದ ಕೊಲೆಗೆ ಹದಿನೇಳು ವರ್ಷ ಜೈಲಿನಲ್ಲಿ ಕೊಳೆತವನು ಅವನು. ತಪ್ಪಾಯಿತೆಂದು ಕೋರ್ಟು ಬಿಟ್ಟು ಕಳಿಸಿತು. ಸರ್ಕಾರ ಪರಿಹಾರವನ್ನೇನೋ ಮಂಜೂರು ಮಾಡಿ, ಜೈಲಿನಲ್ಲಿ ತಿಂದು ಮಲಗಿದ್ದರ ಖರ್ಚನ್ನು ಅದರಲ್ಲೇ ಮುರಿದುಕೊಂಡಿತು. ಒಳಗಿನಿಂದ ತಾನೇ ಚಿಲಕ ಹಾಕಿಕೊಳ್ಳುವಂಥ ಒಂದು ಪುಟ್ಟ ಮನೆ, ಅಷ್ಟೇ ಡರ್ಮಟ್‌ನ ಆಸೆ. ಮುರಿದುಕೊಂಡ ದುಡ್ಡಿನ ಜೊತೆ ಅದೂ ಹೋಯಿತು.

“ಆ ಗಂಜಿ ನೋಡಿದೀಯೇನಯ್ಯಾ? ನಿನ್ನ ನಾಯಿಗಿಟ್ಟಿದ್ರೆ ನಿನ್ನೇ ಕಚ್ತಿತ್ತು.”

“ನಿಯಮ ಸ್ವಾಮಿ. ನಾನೇನ್ ಮಾಡಕ್ಕಾಗುತ್ತೆ?”

“ಸುಳ್ಳು ಸಾಕ್ಷಿ ಕಟ್ಟಿದ ಪೊಲೀಸ್ನೋನ ಪಿಂಚಣೀಲಿ ಎಷ್ಟು ಮುರ್ಕೊಂಡ್ರಿ?”

ಪೆಲಮ್‌ಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಅಕ್ಕ ಮೌರೀನ್ ಬ್ಲ್ಯಾಕ್‌ಪೂಲ್‌ನಲ್ಲಿ, ಸಮುದ್ರದ ಎದುರಿಗೇ, ಪ್ರವಾಸಿಗಳಿಗೆ ಕೋಣೆ ಬಾಡಿಗೆ ಕೊಡುತ್ತಿದ್ದಳು. ಅವರಿಗಾಗಿ ಮೊಟ್ಟೆ ಹುರಿಯುತ್ತಿದ್ದವಳು ಸುದ್ದಿ ಕೇಳಿ ಸಟ್ಟುಗವನ್ನೇ ಎತ್ತಿದಳು.

“ಅವ್ರ ಮನೆ ಹಾಳಾಗ! ಬಂದೋರ ಹತ್ರ ದುಡ್ಡು ನಾನೂ ಇಸ್ಕೊಳ್ತೀನಿ ಕಣೋ. ಇಸ್ಕೊಂಡ ಕೂಡ್ಲೆ ಮುಂಬಾಗಿಲ ಬೀಗದ ಕೈ ಕೊಡ್ತೀನಿ. ಬೇಕಾದಾಗ ಬಾ, ಬೇಕಾದಾಗ ಹೋಗು ಅಂತೀನಿ. ಬೀಗದ ಕೈ ಕೊಡದೆ ದುಡ್ಡು ತಗೊಂಡ್ರೆ ಅದು ಬಾಡಿಗೆ ಅಲ್ಲ, ದರೋಡೆ.”

ಡರ್ಮಟ್ ಟೀ ಲೋಟ ಕೆಳಗಿಟ್ಟ. ದಿಂಬೊಂದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಸ್ಸು ಹತ್ತಿದ.

ಜೈಲಿನ ಗೇಟಿನಲ್ಲಿ ಹಳೆಯ ಕಾವಲುಗಾರ ಸ್ಟಬ್ಸ್ ಕಣ್ಣರಳಿಸಿದ. “ಲೇ ಹ್ಯಾಗರ್ಟಿ! ಮತ್ಯಾಕೋ ಬಂದೆ?”

“ಬೀಗದ ಕೈ ಕೊಡು. ಬಾಡಿಗೆ ಕಟ್ಟಿದೀನಿ.”

“ಕುಡ್ದಿದೀಯೇನೋ?”

“ಇಲ್ಲ ಕಣಯ್ಯಾ. ರೂಮಲ್ಲಿ ನನ್ ಜೊತೆ ಇಲೀನೂ ಇತ್ತು. ಅದ್ರ ಪಾಲಿನ ಬಾಡಿಗೆ ಅದ್ರ ಹತ್ರಾನೇ ವಸೂಲಿ ಮಾಡಿ.”

ಮೇಲಿನ ಕಿಟಕಿಯಿಂದ ಯಾರೋ ಗಹಗಹಿಸಿ ನಕ್ಕರು. ಕಂಬಿಗಳ ಮೇಲೆ ಲೋಟ ಬಡಿಯುವ ಸದ್ದು ಶುರುವಾಯಿತು. ಹೊಸ ಕೈದಿಗಳನ್ನು ತುಂಬಿಕೊಂಡ ವ್ಯಾನು ಬಂದು ಹಾರನ್ ಹೊಡೆಯಿತು.

“ಹೊರಡೋ ಇಲ್ಲಿಂದ! ಇದೇನು ನಿಮ್ಮಪ್ಪನ ಮನೆಯಾ?” ಸ್ಟಬ್ಸ್ ಕಿರುಚಿದ.

ಡರ್ಮಟ್‌ನ ನಗು ಆರಿಹೋಯಿತು.

“ಹೊರಡು ಅನ್ನೋ ಮಾತು ನಿನ್ನ ಬಾಯಲ್ಲಿ ಕೇಳಕ್ಕೆ ಅಷ್ಟು ವರ್ಷ ಕಾದೆ ಕಣೋ. ಒಂದಿನ ಅನ್ನಲಿಲ್ಲ ಬೋಳಿಮಗನೆ. ದುಡ್ಡು ಕಟ್ಟಿಸ್ಕೊಂಡ್ ಮೇಲೆ ಅಂತೀಯಾ?”

ವ್ಯಾನಿನ ಮುಂದೆಯೇ ದಿಂಬು ಹಾಕಿ, ಶೂ ಕಳಚಿ ಪಕ್ಕಕ್ಕಿಟ್ಟು, ಗೇಟಿಗೆ ಅಡ್ಡಲಾಗಿ ಮಲಗಿದ.

“ಬೆಳಿಗ್ಗೆ ಟೀ ತಂದ್ಕೊಡು. ಬರೋವಾಗ ಬಾಗಿಲು ತಟ್ಟು.”