ಪೂಜೆಯಾದ ತಕ್ಕಡಿ

ನಮ್ಮ ಕಂಪನಿ ಇದ್ದದ್ದು ಕಾಮಾಕ್ಷಿಪಾಳ್ಯದ ಒಂದು ಓಣಿಯಲ್ಲಿ. ಸೀಗೆಕಾಯಿ, ಅಂಟುವಾಳ, ಜೇನು ಎಲ್ಲ ಕಾಡಿನಿಂದ ಬರುತ್ತಿತ್ತು. ಒಣಗಿಸಿ, ಪುಡಿ ಮಾಡಿ, ಪೊಟ್ಟಣ ಕಟ್ಟಿ ಮಾರುತ್ತಿದ್ದೆವು. ಬಂದ ಮೂಟೆ ತೂಗುವುದು ಶುರುವಿನಿಂದಲೂ ನನ್ನ ಕೆಲಸ.

ಮೊದಲೆಲ್ಲ ಗುರುವಾರ ಬಂತೆಂದರೆ ಅಂಗಡಿಯವರು ಸೀಗೆಪುಡಿಗೆ ಬಾಗಿಲಿಗೇ ಬಂದು ನಿಲ್ಲುತ್ತಿದ್ದರು. ಶುಕ್ರವಾರ ಹೆಂಗಸರು ತಲೆಗೆ ನೀರು ಹಾಕಿಕೊಳ್ಳಬೇಕಲ್ಲ. ಆಮೇಲೆ ಒಂದು ರೂಪಾಯಿಯ ಶಾಂಪೂ ಪ್ಯಾಕೆಟ್ ಬಂತು. ನಮ್ಮಲ್ಲಿ ಪೊಟ್ಟಣ ಕಟ್ಟುವ ಹೆಂಗಸರೇ ಅದನ್ನು ಹಾಕಿಕೊಂಡು ಘಮಘಮ ಅಂತ ಕೆಲಸಕ್ಕೆ ಬರುತ್ತಿದ್ದರು. ಇನ್ನು ಊರವರನ್ನು ಏನೆಂದು ಬೈಯುವುದು?

ಎರಡು ಸಾವಿರದ ಆರರ ಆಯುಧಪೂಜೆ. ಯಜಮಾನರು ಗೋಪೀನಾಥ, ಬಸವೇಶ್ವರನಗರದವರು, ಒಬ್ಬ ಹೆಂಗಸನ್ನು ಕರೆದುಕೊಂಡು ಬಂದರು. ಹೆಸರು ಶೈಲಾ, ಟೀಚರಾಗಿದ್ದು ರಿಟೈರಾದವರು. ರಿಟೈರಾದಾಗ ಬಂದ ದುಡ್ಡನ್ನು ನಮ್ಮ ಕಂಪನಿಗೆ ಹಾಕಿ ಪಾಲುದಾರರಾಗಬೇಕು ಅಂತಿದ್ದರು. ಗೋದಾಮಿನಲ್ಲಿ ಸೂರಿನವರೆಗೆ ಮೂಟೆ. ನನಗೇ ಸೋಜಿಗವಾಯಿತು. ಹಿಂದಿನ ದಿನ ಯಜಮಾನರು ಮಧ್ಯಾಹ್ನವೇ ನನ್ನನ್ನು ಮನೆಗೆ ಕಳಿಸಿದ್ದರು. ಆಮೇಲೆ ಲೋಡು ಬಂದಿರಬೇಕು, ವ್ಯಾಪಾರ ಚಿಗುರಿತು ಅಂದುಕೊಂಡೆ.

ತಕ್ಕಡಿಯನ್ನು ನಾನೇ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿದ್ದೆ. ಮಂಗಳಾರತಿಯಾಯಿತು. ಬೂದುಗುಂಬಳ ಒಡೆದೆವು. ಆಗ ಶೈಲಮ್ಮನವರು ಸಂಕೋಚದಿಂದಲೇ ಕೇಳಿದರು.

"ತಪ್ಪು ತಿಳ್ಕೋಬೇಡಿ. ನಮ್ಮಣ್ಣ ಹೇಳಿ ಕಳ್ಸಿದಾನೆ, ಒಂದೆರಡು ಮೂಟೆ ತೂಕ ಹಾಕ್ಸಿ ನೋಡು ಅಂತ. ಆಗುತ್ತಾ?"

ಯಜಮಾನರು ನಕ್ಕರು. "ಅದನ್ನ ನಮ್ಮ ಹನುಮಯ್ಯನವರನ್ನೇ ಕೇಳಿ ಮೇಡಂ. ಇಲ್ಲಿ ತಕ್ಕಡಿ ವಿಷಯಕ್ಕೆ ಅವರೇ ಯಜಮಾನರು."

ನನಗೆ ಎದೆ ಉಬ್ಬಿತು. "ಇವತ್ತು ಮುಟ್ಟೋ ಹಂಗಿಲ್ಲ ಕಣಮ್ಮ. ಪೂಜೆ ಆದ್ಮೇಲೆ ಆಯುಧಕ್ಕೆ ಕೆಲಸ ಕೊಡಬಾರದು. ನಾಳೆ ತೂಗಾಣ."

"ಅಯ್ಯೋ, ಹೌದಲ್ವಾ. ನಮ್ಮ ತಂದೇನೂ ಇವತ್ತು ಪೆನ್ನು ಮುಟ್ಟೋಕೆ ಬಿಡ್ತಿರಲಿಲ್ಲ," ಎಂದು ಅವರು ಕೆನ್ನೆ ತಟ್ಟಿಕೊಂಡರು. "ನೀವು ಹೇಳಿದ್ಮೇಲೆ ಮುಗೀತು ಬಿಡಿ. ಚೆಕ್ ಮನೇಲೇ ಬರ್ಕೊಂಡು ಬಂದಿದೀನಿ, ಇವತ್ತೇ ಕೊಟ್ಟು ಹೋಗ್ತೀನಿ. ದಿನ ಒಳ್ಳೇದು."

ಪುರಿ, ಸಿಹಿ ಹಂಚುವ ಗಲಾಟೆ ಎದ್ದಿತು. ನಾನು ಕಾಲು ನೋವೆಂದು ಹಿಂದಿನ ಸಾಲಿನ ಮೂಟೆಯೊಂದಕ್ಕೆ ಒರಗಿದೆ. ಅದು ಜರುಗಿತು. ಸೀಗೆಕಾಯಿ ಮೂಟೆಯನ್ನು ಇಬ್ಬರು ಹಿಡಿದರೂ ಅದು ಬೇಗ ಅಲ್ಲಾಡುವುದಿಲ್ಲ. ಹೊಲಿಗೆಯ ಸಂದಿಯಲ್ಲಿ ಬೆರಳು ತೂರಿಸಿದೆ. ಭತ್ತದ ಹೊಟ್ಟು. ಪಕ್ಕದ್ದೂ ಹೊಟ್ಟು.

ವರ್ಷದಲ್ಲಿ ಬೇರೆ ಯಾವ ದಿನವೂ ಆಗದೆ ಆ ಅಮ್ಮನನ್ನು ಇವತ್ತೇ ಯಾಕೆ ಕರೆಸಿದರು ಎಂಬುದು ಆಗ ತಿಳಿಯಿತು. ಯಜಮಾನರು ಸುಳ್ಳು ಹೇಳಿಯೇ ಇರಲಿಲ್ಲ. ಹೇಳಬೇಕಾದ್ದನ್ನೆಲ್ಲ ನನ್ನ ಬಾಯಲ್ಲಿ ಹೇಳಿಸಿದ್ದರು. ತಲೆ ತಗ್ಗಿಸಿ ಹಿಂದಿನ ಬಾಗಿಲಿಂದ ಹೊರಟುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಆಯಮ್ಮ ಬ್ಯಾಗಿನ ಜಿಪ್ಪು ಎಳೆದರು.

ನಾನು ಹೋಗಿ ತಕ್ಕಡಿಯ ಹಾರ ತೆಗೆದೆ.

"ಯಜ್ಜಾ! ಏನ್ ಮಾಡಾಕ್ಹತ್ತೀರಿ?" ಎಂದು ಕೂಗಿದಳು ಪಾರವ್ವ. ರಾಯಚೂರಿನ ಕಡೆಯವಳು, ಪೊಟ್ಟಣ ಕಟ್ಟುವವಳು. "ದೇವ್ರಂಥಾ ತಕ್ಕಡಿ, ಬುದ್ಧಿಗಿದ್ಧಿ ಐತಿಲ್ಲೋ?"

ಹಿಂದಿನ ಸಾಲಿನ ಮೂಟೆಯನ್ನು ಒಂದೇ ಕೈಯಲ್ಲಿ ದರದರ ಎಳೆದು ತಂದು ತಕ್ಕಡಿಗೆ ಹಾಕಿದೆ. ಮುಳ್ಳಿನ ಕಡೆ ಯಾರೂ ನೋಡಲಿಲ್ಲ. ಎಪ್ಪತ್ತು ದಾಟಿದ ಮುದುಕ ಸೀಗೆಕಾಯಿ ಮೂಟೆಯನ್ನು ಹಾಗೆ ಎತ್ತುವುದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಶೈಲಮ್ಮನವರ ಕೈ ಬ್ಯಾಗಿನೊಳಗೇ ನಿಂತಿತು. ಯಜಮಾನರ ಮುಖ ನೋಡಿದರು, ನನ್ನ ಮುಖ ನೋಡಿದರು. ಬ್ಯಾಗಿನ ಜಿಪ್ಪು ಮುಚ್ಚಿ, ಚಪ್ಪಲಿ ಹಾಕಿಕೊಂಡು ಹೋದರು.

"ನಾನು ನನಗೋಸ್ಕರ ಮಾಡಿದ್ನಾ, ಹನುಮಯ್ಯ?" ಯಜಮಾನರ ದನಿ ತೀರಾ ಸಣ್ಣಗಿತ್ತು. "ಈ ಹೆಂಗಸರ ಸಂಬಳಕ್ಕೆ ತಾನೇ? ಒಂದು ಮಾತು ನನ್ನ ಹತ್ರ ಬಂದು ಕೇಳಬಾರದಿತ್ತಾ? ಇಷ್ಟು ಜನದ ಮುಂದೆ..."

ಬೈದಿದ್ದರೆ ವಾಸಿಯಾಗಿತ್ತು. ನನ್ನ ಮಗಳ ಹೆರಿಗೆಗೆ ಆಸ್ಪತ್ರೆಗೆ ಓಡಾಡಿದ್ದ ಮನುಷ್ಯ ಅವರು. ಅವರ ಕಣ್ಣು ನೋಡಲಾಗದೆ ಪುರಿಯ ಮೊರ ಎತ್ತಿಕೊಂಡು ಹೆಂಗಸರ ಕಡೆ ತಿರುಗಿದೆ.

ಪಾರವ್ವ ಸೆರಗು ಒಡ್ಡಲಿಲ್ಲ. "ಚಲೋ ಮಾಡಿದ್ರಿ ಬಿಡ್ರಿ. ಶನಿವಾರ ಸಂಬಳ ಬರದಾಗ ನನ್ನ ಮಕ್ಕಳಿಗೆ ಇದನ್ನ ಹೇಳ್ತೀನಿ, ಉಣ್ಣಾಕ ಕುಂತಾಗ."

ಅವಳ ಹಿಂದಿದ್ದವರೂ ಕೈ ಚಾಚಲಿಲ್ಲ. ಮೊರ ಹಿಡಿದುಕೊಂಡು ನಾನು ಹಾಗೇ ನಿಂತೆ.