ಕಲೆ ತೆಗೆದ ನೊಣ

ಚಿಕ್ಕಮಲ್ಲಮ್ಮ ಆ ಫೋಟೋವನ್ನು ಬೆಳಕಿಗೆ ಹಿಡಿದು ಒಂದು ಸಲ ನೋಡಿದಳು, ಎರಡನೇ ಸಲ ನೋಡಲಿಲ್ಲ.

"ಇದು ನಮ್ಮೊಲದ ನೊಣ ಅಲ್ಲ ಕಣಿ, ಸ್ವಾಮಿ."

ಗುಂಡ್ಲುಪೇಟೆಯ ಸರ್ಕಾರಿ ವ್ಯವಸಾಯ ಡಿಪೋದ ಅಧಿಕಾರಿ ಶಿವರುದ್ರಸ್ವಾಮಿಗೆ ರೇಗಿತು. ಭೀಮನಬೀಡಿನ ಅವಳ ಅರಿಶಿನದ ಹೊಲದಲ್ಲೇ, ಗಡ್ಡೆ ಕೊಳೆತ ಮೂಲೆಯಲ್ಲೇ, ಅವರೇ ಕೈಯಾರೆ ಹಿಡಿದ ನೊಣ ಅದು. ಟಪಾಲಿನಲ್ಲಿ ಕಳಿಸಿದ ಮೊದಲೆರಡು ನೊಣಗಳು ಪುಡಿಯಾಗಿ ತಲುಪಿದ್ದರಿಂದ ಮೂರನೆಯದನ್ನು ಚಾಮರಾಜನಗರದ ಸ್ಟುಡಿಯೋದಲ್ಲಿ ದೊಡ್ಡದಾಗಿ ಫೋಟೋ ಹಿಡಿಸಿ ಬೆಂಗಳೂರಿನ ಕೀಟತಜ್ಞರಿಗೆ ಕಳಿಸಿದ್ದರು. ೧೯೫೪ರ ನವೆಂಬರಿನಲ್ಲಿ ಉತ್ತರ ಬಂತು. ಚಿತ್ರದಲ್ಲಿರುವಂಥ ನೊಣ ನಮ್ಮ ಪಟ್ಟಿಯಲ್ಲಿಲ್ಲ, ಹೊರಗಿನಿಂದ ಬಂದ ಹೊಸ ಪೀಡೆ ಇರಬಹುದು, ಹೊಲವಿಡೀ ಅಗೆದು ಸುಡುವುದು ಕ್ಷೇಮ.

ಅವಳ ಬಿತ್ತನೆಯೆಲ್ಲ ಆ ಹೊಲದ ಮಣ್ಣಿನೊಳಗೇ ಇತ್ತು. ಮದುವೆಯಾಗಿ ಬರುವಾಗ ಅವ್ವ ಮಡಿಲಿಗೆ ಹಾಕಿದ ಎಂಟು ಗಡ್ಡೆಯನ್ನು ಹದಿನಾಲ್ಕು ವರ್ಷ ಜೋಪಾನ ಮಾಡಿ ಮುಕ್ಕಾಲು ಎಕರೆಗೆ ತಂದಿದ್ದಳು. ಆ ತಳಿ ಈಗ ತವರಲ್ಲೂ ಉಳಿದಿರಲಿಲ್ಲ. ಸುಟ್ಟರೆ ಮುಗಿಯಿತು. ಅಕ್ಕಪಕ್ಕದ ಹೊಲದವರು ಹೆದರಿ, ಸುಟ್ಟುಬಿಡು ಅನ್ನುತ್ತಿದ್ದರು. ಗಂಡ ಮರಿಮಲ್ಲಪ್ಪ ಸರ್ಕಾರದವರ ಜೊತೆ ಜಗಳ ಯಾಕೆಂದು ಬಾಯಿ ಹೊಲಿದುಕೊಂಡು ನಿಂತಿದ್ದ. ನಿಂತರೆ ನಿಲ್ಲಲಿ.

"ನಮ್ ನೊಣದ ರೆಕ್ಕೆ ಮ್ಯಾಲೆ ಕರೀ ಪಟ್ಟೆ ಅವೆ," ಅಂದಳು. "ಮುಂಗಾಲಿನ ತುದಿ ಸುಣ್ಣಕ್ಕೆ ಅದ್ದಿದಂಗದೆ. ನಿಮ್ ಪಟದಾಗೆ ಎರಡೂ ಇಲ್ಲ. ಅದು ಕೊಳ್ತ ಗಡ್ಡೆಗೆ ಬತ್ತದೆ, ಗಟ್ಟಿ ಗಡ್ಡೆ ಮೂಸೂ ನೋಡಕಿಲ್ಲ. ನಾನ್ ದಿನಾ ನೋಡ್ತಿಲ್ವಾ?"

"ಕ್ಯಾಮೆರಾಕ್ಕಿಂತ ನಿನ್ನ ಕಣ್ಣು ಚುರುಕೇನಮ್ಮ? ಶನಿವಾರ ಆಳು ಕರ್ಕೊಂಡು ಬರ್ತೀನಿ."

ಅವರು ಹೋದರು. ಒಳಗೆ ಬಂದವಳ ಕಣ್ಣು ಗೋಡೆಯ ಮೇಲಿನ ಮದುವೆ ಫೋಟೋಕ್ಕೆ ತಾಗಿತು. ಚಿಕ್ಕಂದಿನಲ್ಲಿ ಸಿಡುಬು ಬಂದು ಅವಳ ಕೆನ್ನೆಯ ತುಂಬ ಕಲೆ. ಫೋಟೋದ ಮದುಮಗಳಿಗೆ ಒಂದೂ ಇಲ್ಲ. ಅದರ ಕೆಳಗಿದ್ದ ಸ್ಟುಡಿಯೋ ಮೊಹರೇ ನೊಣದ ಫೋಟೋದ ಕೆಳಗೂ ಇತ್ತು.

ಮರುದಿನ ಎರಡು ನೊಣ ಹಿಡಿದು ಬೆಂಕಿಪೊಟ್ಟಣಕ್ಕೆ ಹಾಕಿಕೊಂಡು ಚಾಮರಾಜನಗರದ ಬಸ್ಸು ಹತ್ತಿದಳು.

"ನಂಜುಂಡಪ್ಪೋರೆ, ಡಿಪೋದೋರು ತಂದ ನೊಣಕ್ಕೆ ಏನ್ ಮಾಡಿದ್ರಿ?"

ಸ್ಟುಡಿಯೋದ ನಂಜುಂಡಪ್ಪ ಹೆಮ್ಮೆಯಿಂದಲೇ ಹೇಳಿದ. "ಸರ್ಕಾರಿ ಕೆಲ್ಸ ಅಂತ ಮುತುವರ್ಜಿಯಿಂದ ಮಾಡ್ದೆ ಕಣಮ್ಮ. ರೆಕ್ಕೆ ಮ್ಯಾಲೆ ಕಲೆ ಇದ್ವು, ನೆಗೆಟಿವ್ ಮ್ಯಾಲೆ ಪೆನ್ಸಿಲ್ ಆಡಿಸಿ ತೆಗ್ದೆ. ಕಾಲತ್ರ ಬಿಳೀ ಚುಕ್ಕಿ ಬಿದ್ದಿತ್ತು, ಧೂಳು ಅಂತ ಮಸಿ ತುಂಬ್ದೆ."

"ಅಯ್ಯೋ, ನಿಮ್ ಮನೆ ಕಾಯೋಗ! ನೊಣನೇನ್ ಗಂಡಿನ ಕಡೆಯೋರ್ಗೆ ತೋರಿಸ್ಬೇಕಿತ್ತಾ?"

ನಂಜುಂಡಪ್ಪನ ಮುಖ ಸಣ್ಣದಾಯಿತು. "ಕಲೆ ಬುಟ್ಟು ಕೊಟ್ರೆ ಪಟ ಯಾರೂ ತಕೊಳಕಿಲ್ಲಮ್ಮ."

"ನಾನ್ ತಕೊತೀನಿ. ಇದ್ದಂಗೆ ತಗೀರಿ."

ಬೆಂಕಿಪೊಟ್ಟಣವನ್ನು ಮೇಜಿಗೆ ಕುಕ್ಕಿದಳು. ನೊಣ ಸಾಯಿಸಿ, ಸೂಜಿಗೆ ಚುಚ್ಚಿ, ಫೋಟೋ ತೆಗೆದು, ತೊಳೆದು ಒಣಗಿಸುವವರೆಗೂ ಸ್ಟೂಲು ಬಿಟ್ಟು ಏಳಲಿಲ್ಲ. ಅವನ ಕೈ ಪೆನ್ಸಿಲಿನ ಕಡೆ ಹೋದಾಗ ಅದನ್ನು ತೆಗೆದು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಶನಿವಾರ ಶಿವರುದ್ರಸ್ವಾಮಿ ಗುದ್ದಲಿ ಆಳುಗಳ ಜೊತೆ ಬಂದಾಗ ಅವಳು ಬದುವಿನ ಮೇಲೆ ನಿಂತಿದ್ದಳು.

"ಆ ಪಟದಾಗೆ ಸ್ಟುಡಿಯೋದೋರು ಕಲೆ ಅಂತ ಪಟ್ಟೆ ಅಳಿಸವ್ರೆ, ಈ ಪಟ ಕಳ್ಸಿ. ಉತ್ತರ ಬರೋಗಂಟ ಒಂದ್ ಗಡ್ಡೆ ಮುಟ್ಟಬೇಕಂದ್ರೂ ನನ್ನ ದಾಟ್ಕಂಡ್ ಓಗ್ಬೇಕು."

ಅವರು ಎರಡು ಫೋಟೋಗಳನ್ನೂ ಪಕ್ಕಪಕ್ಕ ಹಿಡಿದು ನೋಡಿದರು. ಒಂದರಲ್ಲಿ ಪಟ್ಟೆ, ಬಿಳೀ ಕಾಲು. ಇನ್ನೊಂದರಲ್ಲಿ ಏನೂ ಇಲ್ಲ. ಆಮೇಲೆ ಹೊಸ ಫೋಟೋವನ್ನು ಜೇಬಿಗೆ ಹಾಕಿಕೊಂಡು ಆಳುಗಳನ್ನು ವಾಪಸ್ಸು ಕಳಿಸಿದರು.

ಮೂರು ವಾರಕ್ಕೆ ಬೆಂಗಳೂರಿನಿಂದ ಕಾಗದ ಬಂತು. ಇದು ನಮಗೆ ಗೊತ್ತಿರುವ ಹಳೆಯ ನೊಣವೇ, ಕೊಳೆತದ್ದನ್ನು ತಿನ್ನಲು ಬರುತ್ತದೆ, ಕೊಳೆತ ಮೂಲೆಯನ್ನಷ್ಟೇ ತೆಗೆದುಹಾಕಿ, ಉಳಿದದ್ದನ್ನು ಬಿತ್ತನೆಗೆ ಇಟ್ಟುಕೊಳ್ಳಬಹುದು. ಶಿವರುದ್ರಸ್ವಾಮಿ ಅದನ್ನು ಓದಿ ಹೇಳುವಾಗ ಮರಿಮಲ್ಲಪ್ಪ, ನಾನಾಗಲೇ ಅಂದಿದ್ದೆ ಅನ್ನುವವನ ಹಾಗೆ ತಲೆಯಾಡಿಸಿದ.

ಅರಿಶಿನ ಕಿತ್ತು ಬಿತ್ತನೆ ಗಡ್ಡೆ ತೆಗೆದಿಟ್ಟ ಮೇಲೆ ಚಿಕ್ಕಮಲ್ಲಮ್ಮ ಮತ್ತೆ ಸ್ಟುಡಿಯೋಕ್ಕೆ ಹೋದಳು. ಗೋಡೆಯಿಂದ ಇಳಿಸಿ ತಂದ ಮದುವೆ ಫೋಟೋವನ್ನು ನಂಜುಂಡಪ್ಪನ ಮುಂದಿಟ್ಟಳು. ಅವನ ಪೆನ್ಸಿಲನ್ನೂ ಇಟ್ಟಳು.

"ಇವಳ್ಯಾರೋ ನಂಗೊತ್ತಿಲ್ಲ. ಈಗ ನನ್ನ ತಗೀರಿ," ಎಂದು ಕ್ಯಾಮೆರಾದ ಮುಂದೆ ಮುಖ ಎತ್ತಿ ಕೂತಳು. "ಕಲೆ ಒಂದೂ ಕಮ್ಮಿ ಆಗ್ಬಾರ್ದು. ಎಣಿಸ್ಕೊಂಡೇ ಓಗ್ತೀನಿ."