ಡೆಲ್ನಾಜ್‌ಳ ಮದುವೆಗೆ ಫಿಯಟ್

ಡೆಲ್ನಾಜ್‌ಳ ಮದುವೆಯ ವಾರದ ಕ್ರಮವನ್ನು ಆಕೆಯ ಸೋದರಮಾವ ಫರೇದುನ್ ಘಡಿಯಾಲಿ ತಾನೇ ನಿಗದಿಪಡಿಸಿದ್ದ. ಭಾನುವಾರ ಪಾರ್ಸಿ ಪದ್ಧತಿಯಂತೆ ಮನೆಬಾಗಿಲಲ್ಲಿ ಮಾವಿನ ಸಸಿ ನೆಡುವ ಶಾಸ್ತ್ರ. ಅಂದೇ ಕಾರಿನ ಎಂಜಿನ್ ಆಯಿಲ್ ಬದಲಾವಣೆ. ಮಂಗಳವಾರ ಬೀಗರ ಮನೆಗೆ ಉಡುಗೊರೆ ಒಯ್ಯುವುದು. ಅಂದು ಕಾರಿಗೆ ಪಾಲಿಶ್. ಬುಧವಾರ ಮದುಮಗಳು ಕಾರು ಹತ್ತಿ ಇಳಿಯುವ ಪೂರ್ವಾಭ್ಯಾಸ. ಗುರುವಾರ ಮಧ್ಯಾಹ್ನ ಮದುಮಗಳು ಅವನ ಫಿಯಟ್‌ನ ಹಿಂದಿನ ಸೀಟಿನಲ್ಲಿ ಕುಳಿತು ಪಾರ್ಸಿಗಳ ಮದುವೆ ನಡೆಯುವ ತೋಟದಂಗಳವಾದ ಬಾಗ್‌ಗೆ ಹೊರಡುವುದು. ಆಕೆಯ ತಾಯಿ ಗುಲ್ನಾರ್ ಅದೇ ಸೀಟಿನಲ್ಲಿ ಹೋಗಿದ್ದಳು. ಅದಕ್ಕೂ ಮುಂಚೆ ಇಬ್ಬರು ದೊಡ್ಡಮ್ಮಂದಿರು ಹೋಗಿದ್ದರು. ಘಡಿಯಾಲಿ ಮನೆಯ ಹೆಣ್ಣುಮಕ್ಕಳು ಬೇರೆ ಕಾರಿನಲ್ಲಿ ಹಸೆಗೇರಿದ ಉದಾಹರಣೆಯೇ ಇರಲಿಲ್ಲ.

ಕಾರುಗಳ ಬಗ್ಗೆ ಫರೇದುನ್‌ನ ಅಭಿಪ್ರಾಯಗಳು ಖಚಿತವಾಗಿದ್ದವು. ಗೇರ್ ಇರಬೇಕಾದ ಜಾಗ ಸ್ಟೀರಿಂಗ್‌ನ ಪಕ್ಕ. ನೆಲದಲ್ಲಿ ನೆಟ್ಟ ಗೇರ್ ಲಾರಿಗೆ ಶೋಭೆ. ಗೇರ್ ತಾನಾಗಿಯೇ ಬದಲಾಗುವ ಕಾರಿನಲ್ಲಿ ಕುಳಿತವನು ಚಾಲಕನಲ್ಲ, ಪ್ರಯಾಣಿಕ. ಇಷ್ಟೆಲ್ಲ ತಿಳಿದವನ ಕಾರನ್ನೇ ದಾದರಿನ ಜನ ಕೈ ಅಡ್ಡ ಹಿಡಿದು ನಿಲ್ಲಿಸುತ್ತಿದ್ದರು. ಊರಿನ ಟ್ಯಾಕ್ಸಿಗಳೂ ಫಿಯಟ್‌ಗಳೇ. ತನ್ನದು ಕೆನೆಬಣ್ಣದ್ದು, ಮೀಟರ್ ಇಲ್ಲದ್ದು ಎಂದು ಅವನು ಎಷ್ಟೋ ಸಲ ವಿವರಿಸಿದ್ದಾನೆ. ಒಬ್ಬಾಕೆ ವಿವರಣೆ ಮುಗಿಯುವುದರೊಳಗೆ ತರಕಾರಿ ಚೀಲದೊಂದಿಗೆ ಒಳಗೆ ಕುಳಿತುಬಿಟ್ಟಿದ್ದಳು.

ಅದೇ ಕಟ್ಟಡದ ಮೊದಲನೆಯ ಮಹಡಿಯ ನೆರೆಯವ ಪೇಸಿ, ಪಾರ್ಸಿ ಗಂಡಸರನ್ನು ಕರೆಯುವ ರೂಢಿಯಂತೆ ಅವನನ್ನು ಬಾವಾ ಎನ್ನುತ್ತ, ಇದನ್ನು ದಿನದ ಹಾಸ್ಯವಾಗಿಸಿಕೊಂಡಿದ್ದ. "ಏ ಬಾವಾ, ಸ್ಟೇಷನ್‌ಗೆ ಎಷ್ಟು ತಗೋತೀಯಾ?"

"ನಿನ್ನ ತೂಕಕ್ಕೆ ಡಬಲ್. ಮೊದಲು ನಿನ್ನ ಕುಂಡಗಳ ಕೆಳಗೆ ತಟ್ಟೆ ಇಡು. ನೀರೆಲ್ಲ ನನ್ನ ಕಾರಿನ ಮೇಲೆ."

"ಹನಿ ನೀರಿಗೆ ಕರಗೋಕೆ ಅದೇನು ಸಕ್ಕರೆ ಬತ್ತಾಸಾ?"

ಈ ಜಗಳಕ್ಕೆ ವರ್ಷಗಳ ಹಳಮೆಯಿತ್ತು. ನಿಲ್ಲಿಸಿದ ಕಾರಿನ ಹಿಂಭಾಗದ ಎಡಗಡೆ ಪೇಸಿಯ ಬಾಲ್ಕನಿಗೆ ಸರಿಯಾಗಿ ಕೆಳಗೆ ಬರುತ್ತಿತ್ತು.

ಬುಧವಾರ ಬೆಳಿಗ್ಗೆ ಎಂದಿನಂತೆ ಫರೇದುನ್ ಕಾರು ತೊಳೆದ. ಹೊರಗೆ ಎರಡು ಬಕೆಟ್, ಒಳಗೆ ಒಂದು. ರಬ್ಬರ್ ಚಾಪೆಗಳನ್ನು ಉಜ್ಜಿ, ನೀರು ಝಾಡಿಸಿ, ಮತ್ತೆ ಅವುಗಳ ಜಾಗದಲ್ಲಿ ಹಾಸಿದ. ಇದು ತಂದೆ ಕಲಿಸಿದ ವಿಧಾನ. "ಹೊರಗೆ ಮಾತ್ರ ತೊಳೆಯೋರು ಟ್ಯಾಕ್ಸಿಯೋರು, ದೀಕ್ರಾ. ನಾವು ಒಳಗೂ ತೊಳೀಬೇಕು," ಎನ್ನುತ್ತಿದ್ದರು ಅವರು, ಮಗನನ್ನು ಗುಜರಾತಿಯಲ್ಲಿ ದೀಕ್ರಾ ಎಂದು ಕರೆದು. ಖಂಡಾಲಾ ಘಾಟಿನ ಅರ್ಧದಲ್ಲಿ ಬಾನೆಟ್ ತೆರೆದಿಟ್ಟು, ಎಂಜಿನ್ ತಣಿಯುವ ತನಕ ಎಲ್ಲರೂ ಹಸಿರು ಚಟ್ನಿಯ ಸ್ಯಾಂಡ್‌ವಿಚ್ ತಿನ್ನುತ್ತಿದ್ದಾಗಲೂ ತಂದೆ ಒದ್ದೆ ಬಟ್ಟೆಯಿಂದ ಕಾಲಿಡುವ ಜಾಗ ಒರೆಸುತ್ತಿದ್ದುದು ಅವನಿಗೆ ನೆನಪಿತ್ತು.

ಪೂರ್ವಾಭ್ಯಾಸಕ್ಕೆ ಡೆಲ್ನಾಜ್ ಮದುವೆಯ ಚಪ್ಪಲಿ ಮೆಟ್ಟಿಕೊಂಡು ಬಂದಳು. ಜೊತೆಗೆ ಬಂದ ಗುಲ್ನಾರ್ ತನ್ನ ಹಳೆಯ ವಾದವನ್ನೂ ತಂದಿದ್ದಳು.

"ಬಾಡಿಗೆಗೆ ಒಂದು ಹೊಸ ಕಾರ್ ತಗೊಂಡ್ರೆ ನಿನ್ನ ಗಂಟೇನು ಹೋಗುತ್ತೆ ಫರೇದುನ್? ಏಸಿ ಇರುತ್ತೆ. ಇದರಲ್ಲಿ ಹೋದ್ರೆ ಹುಡುಗಿ ಮುಖದ ಮೇಕಪ್ಪು ಮದುವೆ ಊಟದ ಮೀನಿನ ಬಿಳಿ ಸಾಸ್ ಥರ ಇಳಿಯುತ್ತೆ."

"ಅದರಲ್ಲಿ ಬೆಲ್ಟ್ ಹಾಕೋ ತನಕ ಕೀಂ ಕೀಂ ಅಂತ ಬಡ್ಕೊಳ್ಳುತ್ತೆ. ಮದುಮಗಳನ್ನ ಕಾರು ಗದರಿಸೋದಾ?"

"ಅಮ್ಮಾ, ನಂಗೆ ಮಾಮಾನ ಕಾರೇ ಬೇಕು," ಎನ್ನುತ್ತ ಡೆಲ್ನಾಜ್ ಹಿಂದಿನ ಎಡಬದಿಯ ಬಾಗಿಲು ತೆಗೆದು ಒಳಗೆ ಕಾಲಿಟ್ಟಳು. ಮೈಭಾರವನ್ನೆಲ್ಲ ಆ ಕಾಲಿನ ಮೇಲೆ ಬಿಟ್ಟಳು. ಒಣಗಿದ ಹಪ್ಪಳ ಮುರಿದಂಥ ಸದ್ದಾಯಿತು. ಚಪ್ಪಲಿಯ ಚೂಪು ಹಿಮ್ಮಡಿ ಸವೆದ ಚಾಪೆಯನ್ನೂ ನೆಲದ ತಗಡನ್ನೂ ತೂರಿ ಕೆಳಗಿಳಿಯಿತು.

"ಮಾಮಾ," ಎಂದಳು ಆಕೆ ಮೆಲ್ಲಗೆ, "ನನ್ನ ಚಪ್ಪಲಿ ರೋಡಿನ ಮೇಲಿದೆ."

ಗುಲ್ನಾರ್ ಮಗಳ ಕಾಲನ್ನು ಬಿಡಿಸಿದಳು. ಗಾಯವಾಗಿರಲಿಲ್ಲ. ಫರೇದುನ್ ತಲೆಯೆತ್ತಿ ಬಾಲ್ಕನಿಯತ್ತ ಕೂಗಿದ. "ಪೇಸಿ, ಹೊರಗೆ ಬಾ. ನಿನ್ನ ಕುಂಡದ ನೀರು ಏನು ಮಾಡಿದೆ ನೋಡು. ಕಾರು ತಿಂದುಬಿಟ್ಟೆಯಲ್ಲೋ."

"ನಾನು ಬೆಳಿಗ್ಗೆ ಮೊಟ್ಟೆ ತಿಂದೆ ಅಷ್ಟೇ," ಎಂದ ಪೇಸಿ. "ಮೇಲಿಂದ ಬಿದ್ದ ನೀರು ಕಾರಿನ ಛಾವಣಿ ಬಿಟ್ಟು ನೆಲ ತೂತು ಮಾಡುತ್ತಾ? ಇಡೀ ಬಾಂಬೆ ಕಾರುಗಳಿಗೆ ಸರ್ವೇಯರ್ ಆಗಿದ್ದೋನು ನೀನು. ನೀನೇ ಪರೀಕ್ಷೆ ಮಾಡಿ ಹೇಳು."

ಈ ಮಾತು ಫರೇದುನ್‌ಗೆ ಚುಚ್ಚಿತು. ಅಪಘಾತಕ್ಕೀಡಾದ ವಾಹನಗಳನ್ನು ವಿಮಾ ಕಂಪನಿಗಾಗಿ ನೋಡಿ ಹಾನಿಯ ಕಾರಣ ನಿರ್ಣಯಿಸುವುದು ನಿವೃತ್ತನಾಗುವ ತನಕ ಅವನ ಉದ್ಯೋಗವಾಗಿತ್ತು. ಪೇಸಿಯ ಅಪರಾಧವನ್ನು ಸಾಬೀತುಪಡಿಸಲೆಂದೇ ಅವನು ಟಾರ್ಚ್ ತಂದ. ಮೊದಲು ಕಾರಿನ ಛಾವಣಿ ನೋಡಿದ: ಬಣ್ಣ ಅಖಂಡವಾಗಿತ್ತು. ನಂತರ ಕಿಟಕಿಯ ರಬ್ಬರ್, ಬಾಗಿಲ ಅಂಚು: ಎರಡೂ ಒಣಗಿದ್ದವು. ನೀರು ಇಳಿದುಬಂದ ಒಂದು ಗೆರೆಯೂ ಕಾಣಲಿಲ್ಲ. ಇದರಿಂದ ಅವನಿಗೆ ಸಿಟ್ಟೇ ಬಂತು.

ಆಮೇಲೆ ಚಾಪೆ ಎತ್ತಿದ. ಅದರ ಕೆಳಗೆ ತಂದೆಯ ಕಾಲದಿಂದಲೂ ಅಂಟಿಸಿಯೇ ಇದ್ದ ದಪ್ಪ ಕಂಬಳಿಪದರ. ಮೂಲದ್ದೆಂಬ ಅಭಿಮಾನಕ್ಕೆ ಅವನು ಅದನ್ನು ಎಂದೂ ಕಿತ್ತಿರಲಿಲ್ಲ. ಹಿಂಡಿದಾಗ ಬೆರಳುಗಳ ನಡುವಿನಿಂದ ಸೋಪಿನ ವಾಸನೆಯ ನೀರು ಇಳಿಯಿತು. ಬಲಗಡೆಯ ಚಾಪೆ ಎತ್ತಿದ. ಅಲ್ಲಿ ಪೇಸಿಯ ಬಾಲ್ಕನಿಯ ನೆರಳೂ ಬೀಳುತ್ತಿರಲಿಲ್ಲ. ಅದೇ ಒದ್ದೆ, ಅದೇ ತುಕ್ಕು. ಮುಂದಿನ ಎರಡು ಚಾಪೆಗಳ ಕೆಳಗೂ ತಗಡು ಬಿಸ್ಕತ್ತಿನಂತೆ ಉದುರಿತು. ಚಾಪೆ ಹಾಸದ ನಡುಭಾಗ ಮಾತ್ರ ಹೊಸದರಂತೆ ಗಟ್ಟಿಯಾಗಿತ್ತು.

ಡೆಲ್ನಾಜ್ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತಳು. "ಒಂದು ಹಲಗೆ ಹಾಸೋಣ ಮಾಮಾ. ಸೀರೆ ಮುಚ್ಚಿಬಿಡುತ್ತೆ, ಯಾರಿಗೂ ಗೊತ್ತಾಗಲ್ಲ. ನಿಧಾನ ಹೋದ್ರಾಯ್ತು."

ಫರೇದುನ್ ಟಾರ್ಚ್ ಆರಿಸಿದ. ಇದೇ ಹಲಗೆಯ ಮಾತನ್ನು ಎಷ್ಟೋ ಮಾಲೀಕರು ಅವನ ಮುಂದೆ ಆಡಿದ್ದರು. ಅವನು ಒಬ್ಬರಿಗೂ ಒಪ್ಪಿಗೆ ಕೊಟ್ಟಿರಲಿಲ್ಲ.

"ಇಲ್ಲ ದೀಕ್ರಿ," ಎಂದ. "ಸೀಟು ನಿಂತಿರೋದೂ ಇದೇ ತಗಡಿನ ಮೇಲೆ." ಬೀಗದಕೈಯನ್ನು ಜೇಬಿಗಿಳಿಸಿ ತಂಗಿಯ ಕಡೆ ತಿರುಗಿದ. "ಏಸಿ ಕಾರಿನವನಿಗೆ ಫೋನ್ ಮಾಡು ಗುಲ್ನಾರ್. ಕೀಂ ಕೀಂ ಅನ್ನದೇ ಇರೋದು ಇದೆಯಾ ಕೇಳು."

"ಏನಾಯ್ತು ಬಾವಾ, ಕಳ್ಳ ಸಿಕ್ಕಿದ್ನಾ?" ಮೇಲಿನಿಂದ ಪೇಸಿ ಕೇಳಿದ.

ಫರೇದುನ್ ಕೈ ಒರೆಸಿಕೊಂಡು, ಉದ್ಯೋಗದಲ್ಲಿದ್ದಾಗಿನ ಧಾಟಿಯಲ್ಲೇ ಹೇಳಿದ: "ಮೇಲಿಂದ ಬಿದ್ದ ನೀರು ಕಾರಣ ಅಲ್ಲ. ಒಳಗೆ ಸುರಿದ ನೀರು ಕಾರಣ. ಸುರಿದೋನು ಮಾಲೀಕ."